ಸೆಕೆಂಡಿಗೆ ನಾಲ್ಕು ಚುಕ್

ನಂದಿಗುಡಿಗೆ ರೈಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನು ಹುಡುಗನಾಗಿದ್ದಾಗ ಅಪ್ಪ ಏನಾದರೂ ಕೆಲಸಕ್ಕೆ ಹರಿಹರಕ್ಕೆ ಹೊರಟರೆ ಬಸ್ಸಿನ ಬಾಗಿಲಲ್ಲಿ ಅವರಿಗಿಂತ ಮೊದಲು ನಾನಿರುತ್ತಿದ್ದೆ. ಅವರು ಪೇಟೆಗೆ, ನಾನು ಸ್ಟೇಷನ್ನಿಗೆ. ತುಂಗಭದ್ರೆಯ ಸೇತುವೆ ದಾಟಿ ಬರುವ ಉಗಿಬಂಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಅಂಗಿಯ ತುಂಬ ಕರಿ ಮಾಡಿಕೊಂಡು ಮನೆಗೆ ಹೋಗಿ ಬೈಸಿಕೊಳ್ಳುವುದು ವಾಡಿಕೆ.

ಈಗ ದಾವಣಗೆರೆಯಲ್ಲಿ ಗಣಿತದ ಮೇಷ್ಟ್ರು. ರಾತ್ರಿ ಪೇಪರ್ ತಿದ್ದಿ ಮುಗಿದ ಮೇಲೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಒಂದು ವೈಪಿ ಉಗಿ ಎಂಜಿನ್ ಕಟ್ಟುತ್ತೇನೆ. ‘ವೈ’ ಅಂದರೆ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್), ‘ಪಿ’ ಅಂದರೆ ಪ್ಯಾಸೆಂಜರ್. ಕಟ್ಟಿದ್ದನ್ನು ‘ಓಪನ್ ರೈಲ್ಸ್’ ಎಂಬ ಬಿಟ್ಟಿ ರೈಲು ಸಿಮ್ಯುಲೇಟರ್ ಆಟಕ್ಕೆ ಸೇರಿಸಿ, ಹರಿಹರದಿಂದ ಅಮರಾವತಿ ಕಾಲೊನಿ ಮೇಲೆ ದಾವಣಗೆರೆಗೆ, ಸುಮಾರು 14 ಕಿ.ಮೀ. ಓಡಿಸಬೇಕೆಂಬುದು ಆಸೆ. ಅಕ್ಕನ ಮಗನಿಗೆ ಇದು ತಲೆಕೆಟ್ಟವರ ಕೆಲಸ. “ವಂದೇ ಭಾರತ್ ಹಾಕು ಮಾಮ, ಎಲ್ಲರೂ ಡೌನ್‌ಲೋಡ್ ಮಾಡ್ಕೊಂತಾರೆ. ಈ ಡಬ್ಬಾ ಗಾಡಿ ಯಾರಿಗೆ ಬೇಕು?”

ಅವನಿಗೆ ನಾನು ಜಪಾನಿನ ಕಥೆ ಹೇಳಿದೆ. 2001ರಲ್ಲಿ ಮೈಕ್ರೋಸಾಫ್ಟ್ ತನ್ನ ಟ್ರೈನ್ ಸಿಮ್ಯುಲೇಟರ್ ತಂದಾಗ ಅದರಲ್ಲಿದ್ದದ್ದು ಆರು ಮಾರ್ಗ. ಭಾರತದ್ದು ಒಂದೂ ಇರಲಿಲ್ಲ. ಆದರೆ ಕ್ಯೂಶೂ ದ್ವೀಪದ ಹಿಸಾತ್ಸು ಎಂಬ ಮಾರ್ಗ ಇತ್ತು. ಬುಲೆಟ್ ರೈಲಿನ ದೇಶದಿಂದ ಗುಡ್ಡ ಹತ್ತಿಳಿಯುವ ಹಳ್ಳಿಗಾಡಿನ ಮಾರ್ಗವನ್ನು ಆರಿಸಿದ್ದರು. 2020ರ ಜುಲೈ ಪ್ರವಾಹದಲ್ಲಿ ಆ ಮಾರ್ಗ ಹಾಳಾಗಿ, ಆ ಗುಡ್ಡದ ಭಾಗದಲ್ಲಿ ರೈಲು ನಿಂತುಹೋಯಿತು. ಆಟದಲ್ಲಿ ಮಾತ್ರ ಈಗಲೂ ಹೊರಡುತ್ತದೆ. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಬೇಕಾದವರು ಹೋಗಿ ಮುಟ್ಟಿ ನೋಡಬಹುದು, ಅದನ್ನು ನಾನೇಕೆ ಕಟ್ಟಲಿ?

ನಮ್ಮ ಮಾರ್ಗವೇನು ಸಣ್ಣದಲ್ಲ. ಬೆಂಗಳೂರು ಕಡೆಯ ಹಳಿ ಗುಬ್ಬಿ ದಾಟಿ 1889ರಲ್ಲಿ ಹರಿಹರ ಮುಟ್ಟಿತು. ಹಾಕಿದ್ದು ಸದರ್ನ್ ಮರಾಠಾ ರೈಲ್ವೆ. ಆ ಕಡೆ ಪುಣೆಯವರೆಗೂ ಇದೇ ಮೀಟರ್ ಗೇಜ್. 1992ರಲ್ಲಿ ಏಕ ಗೇಜ್ ಯೋಜನೆ ಬಂದು, ಕೆಲವೇ ವರ್ಷಗಳಲ್ಲಿ ನೂರು ವರ್ಷದ ಹಳಿ ಕಿತ್ತು 1,676 ಮಿ.ಮೀ.ನ ಬ್ರಾಡ್ ಗೇಜ್ ಕೂರಿಸಿದರು. ಒಳ್ಳೆಯದೇ ಆಯಿತು, ಮೀಟರ್ ಗೇಜ್ ವಾಪಸ್ ಬೇಕು ಅನ್ನುವ ಹುಚ್ಚು ನನಗಿಲ್ಲ.

ತಕರಾರು ಬೇರೆ ಇದೆ. ಆಟದಲ್ಲಿ ಹಳಿ ಅಂದರೆ ಕಂಪ್ಯೂಟರಿಗೆ ಒಂದು ಕಾಣದ ಗೆರೆ, ಅಷ್ಟೆ. ಎಂಜಿನ್ನು ಆ ಗೆರೆ ಹಿಡಿದು ಹೋಗುತ್ತದೆ, ಎರಡೂ ಬದಿಯ ಉಕ್ಕು ಬರೀ ಚಿತ್ರ. ಹಾಗಾಗಿ ಮೀಟರ್ ಗೇಜ್ ಎಂಜಿನ್ನನ್ನು ಇಂದಿನ ಬ್ರಾಡ್ ಗೇಜ್ ಹಳಿಯ ಮೇಲಿಟ್ಟರೂ ಆಟ ಚಕಾರ ಎತ್ತುವುದಿಲ್ಲ. ಚಕ್ರ ಒಂದೊಂದು ಬದಿಗೂ 338 ಮಿ.ಮೀ. ಒಳಗೆ, ಜಲ್ಲಿಯ ಮೇಲೆ ತೇಲಿಕೊಂಡು ಹೋಗುತ್ತದೆ. ನೋಡುವ ಮಕ್ಕಳು ಹಾಗೇ ಇತ್ತು ಅಂದುಕೊಳ್ಳುತ್ತಾರೆ.

ಕಣ್ಣಿಗಿಂತ ಕಿವಿಯ ಮೋಸ ಇನ್ನೂ ಸಲೀಸು. ಎರಡು ಸಿಲಿಂಡರಿನ ಉಗಿಬಂಡಿ ಚಕ್ರ ಒಂದು ಸುತ್ತು ಸುತ್ತುವುದರಲ್ಲಿ ನಾಲ್ಕು ಸಲ ಚುಕ್ ಅನ್ನುತ್ತದೆ. ವೈಪಿಯ ದೊಡ್ಡ ಚಕ್ರದ ಅಡ್ಡಳತೆ ನಾಲ್ಕೂವರೆ ಅಡಿ, ಅಂದರೆ ಸುತ್ತಳತೆ ಸುಮಾರು 4.3 ಮೀಟರ್. ಗಂಟೆಗೆ 15 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು. ಸೆಕೆಂಡಿಗೆ ನಾಲ್ಕು ಚುಕ್. ಬ್ರಾಡ್ ಗೇಜಿನ ಡಬ್ಲ್ಯುಪಿ ಎಂಜಿನ್ನಿನ ಚಕ್ರ 5 ಅಡಿ 7 ಇಂಚು, ಅದೇ ವೇಗದಲ್ಲಿ ಮೂರು ಚುಕ್ ಚಿಲ್ಲರೆ. ಎಷ್ಟೋ ಜನ ಕೈಗೆ ಸಿಕ್ಕ ದೊಡ್ಡ ಎಂಜಿನ್ನಿನ ಸದ್ದು ತಂದು ವೈಪಿಗೆ ಅಂಟಿಸುತ್ತಾರೆ. ಹತ್ತನೇ ತರಗತಿಯವರಿಗೆ ಈ ಲೆಕ್ಕ ಕೊಟ್ಟಿದ್ದೆ. ವೃತ್ತದ ಪರಿಧಿಯ ಬಗ್ಗೆ ಅಷ್ಟು ಆಸಕ್ತಿಯಿಂದ ಅವರು ಜಗಳವಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

1949ರಿಂದ 1970ರವರೆಗೆ ಒಟ್ಟು 871 ವೈಪಿಗಳಾದವು. ಕೊನೆಯವು ಜಮ್ಶೆಡ್‌ಪುರದ ಟೆಲ್ಕೊ ಕಾರ್ಖಾನೆಯವು. ಇಷ್ಟು ಎಂಜಿನ್ನಿಗೆ ಎಷ್ಟು ನಕ್ಷೆ ಬರೆದಿರಬೇಡ? ಅದರಲ್ಲೊಂದನ್ನು ಕೇಳಿಕೊಂಡು ಒಂದು ಕಚೇರಿಗೆ ಮೂರು ಸಲ ಅಲೆದೆ. ಮೊದಲ ಸಲ ಸಾಹೇಬರು ಇರಲಿಲ್ಲ, ಎರಡನೇ ಸಲ ಅರ್ಜಿ ಇರಲಿಲ್ಲ, ಮೂರನೇ ಸಲ “ಗೇಮಿಗಾ ಸಾರ್?” ಎಂದು ನಕ್ಕರು. ಇನ್ನೊಂದು ಕಡೆ ನಿಲ್ಲಿಸಿಟ್ಟ ಉಗಿಬಂಡಿಗೆ ಟೇಪು ಹಿಡಿದದ್ದಕ್ಕೆ ಕಾವಲುಗಾರ ನನ್ನನ್ನು ಗುಜರಿಯವನೆಂದು ತಿಳಿದ.

ಗೇಮಿಗೇ. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ? ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಿಂದ. ಎರಡೂ ಕಡೆ ಮಕ್ಕಳು ಎಂಜಿನ್ ಹತ್ತುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಇಳಿಯುತ್ತಾರೆ. ನಿಂತ ಎಂಜಿನ್ ಮಾತಾಡುವುದಿಲ್ಲ. ಬೆಂಕಿ ಹೆಚ್ಚಾದರೆ ಏನು, ನೀರು ಕಡಿಮೆಯಾದರೆ ಏನು, ಮುಂದಿನ ಹಳಿ ಖಾಲಿಯಿದೆ ಎಂಬುದಕ್ಕೆ ಗುರುತಾದ ಟೋಕನ್ ಕೈಗೆ ಸಿಗದಿದ್ದರೆ ಗಾಡಿ ಯಾಕೆ ಮುಂದೆ ಹೋಗುವ ಹಾಗಿಲ್ಲ ಎಂಬುದು ಓಡಿಸಿದವನಿಗೆ ತಿಳಿಯುತ್ತದೆ, ಅಥವಾ ಓಡಿಸುವ ಆಟ ಆಡಿದವನಿಗೆ. ರೈಲ್ವೆಯವರು ಹಳೆಯ ಎಂಜಿನ್, ಡಬ್ಬಿಗಳ ನಕ್ಷೆ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡಲಿ. ಮ್ಯೂಸಿಯಂಗಳು ವರ್ಷಕ್ಕೆ ನಾಲ್ಕು ದಿನವಾದರೂ ಅಳೆಯುವವರಿಗೆ ಬಿಡಲಿ. ಖರ್ಚು ಟೇಪಿನದು, ಅದನ್ನು ನಾನೇ ತರುತ್ತೇನೆ.

ಕಟ್ಟುವವರಾದ ನಮಗೂ ಒಂದು ಮಾತು. ಎಂಜಿನ್ ಜೊತೆ ಒಂದು ಕಡತ ಹಾಕುತ್ತೇವಲ್ಲ, ಅದರಲ್ಲಿ ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂದು ಬರೆಯಬೇಕು. ಕಪ್ಪು ಬಿಳುಪು ಫೋಟೊ ನೋಡಿ ಡಬ್ಬಿಗೆ ನಾನು ಬಳಿದ ಕೆಂಪು ಊಹೆಯದು. ಬರೆಯದೆ ಬಿಟ್ಟರೆ ಇನ್ನು ಹತ್ತು ವರ್ಷಕ್ಕೆ ಅದೇ ಇತಿಹಾಸವಾಗಿ ಯಾರದೋ ಲೇಖನದಲ್ಲಿ ಕೂತಿರುತ್ತದೆ.

ನಕ್ಷೆ ಕಪಾಟಿನಲ್ಲಿ ಇನ್ನಷ್ಟು ವರ್ಷ ಇದ್ದೀತು. ಮನುಷ್ಯರು ಕಾಯುವುದಿಲ್ಲ. ಹರಿಹರದಲ್ಲಿ ಫೈರ್‌ಮನ್ ಆಗಿದ್ದ ಒಬ್ಬ ಅಜ್ಜನ ಮನೆಗೆ ಹೋದ ತಿಂಗಳು ಲ್ಯಾಪ್‌ಟಾಪ್ ಹೊತ್ತು ಹೋದೆ. ಎರಡು ನಿಮಿಷ ನೋಡಿದರು. “ಮೇಷ್ಟ್ರೇ, ಬಾಳ ಸ್ವಚ್ಛ ಐತಿ ಇಂಜಿನ್ನು. ಎಣ್ಣಿ ಎಲ್ಲೈತಿ?” ಅಂದರು. ಆಮೇಲೆ ಕಣ್ಣು ಮುಚ್ಚಿ ಸದ್ದು ಕೇಳಿ, “ಇಂಜೆಕ್ಟರ್ ಹಾಡಾದಿಲ್ಲಲ್ಲ” ಅಂದರು. ಬಾಯ್ಲರಿಗೆ ನೀರು ನೂಕುವಾಗ ಅದು ಸಣ್ಣಗೆ ಸುಯ್ಯೆನ್ನುತ್ತದಂತೆ. ಆ ದನಿ ಕೆಟ್ಟರೆ ಫೈರ್‌ಮನ್ ಎದ್ದು ನಿಲ್ಲಬೇಕು. ನಾನು ಓದಿದ ಯಾವ ಪುಸ್ತಕದಲ್ಲೂ ಆ ದನಿ ಹೇಗಿರುತ್ತದೆಂದು ಬರೆದಿರಲಿಲ್ಲ. ಹಾಗೆಂದಾಗ ಅಜ್ಜ ಹಲ್ಲುಗಳ ನಡುವೆ ಗಾಳಿ ಬಿಟ್ಟು ಮಾಡಿ ತೋರಿಸಿದರು. ಅಜ್ಜಿ ಅಡುಗೆಮನೆಯಿಂದ, “ಇಂಜಿನ್ನೇನೋ ಚೆಂದೈತಿ, ಆ ಕರಿ ಹತ್ತಿದ ಬಟ್ಟಿ ಒಗಿಯೋರ್ನೂ ಹಾಕ್ರಿ ಅದ್ರಾಗ” ಅಂದರು. ನಕ್ಕೆ. ಹಾಕುವ ದಾರಿ ಹೊಳೆದಿಲ್ಲ.

ಅಜ್ಜನ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಎಂಜಿನ್ನಿಗೆ ಸೇರಿಸಿದ್ದೇನೆ. ಕಡತದಲ್ಲಿ ಹೀಗೆ ಬರೆದಿದೆ: ‘ಇಂಜೆಕ್ಟರ್ ಸದ್ದು, ನಿವೃತ್ತ ಫೈರ್‌ಮನ್ ಒಬ್ಬರ ಬಾಯಿಂದ, ಹರಿಹರ. ಹಿಂದೆ ಕೇಳುವ ಸೀಟಿ ಎಂಜಿನ್ನಿನದಲ್ಲ, ಅವರ ಮನೆಯ ಕುಕ್ಕರಿನದು. ಅಳಿಸಲು ಬರಲಿಲ್ಲ.’