ಎಷ್ಟು ಅಂದರೆ, ಯಾವುದು ಎಷ್ಟು?

ಗುಡೇಕೋಟೆಯ ಸುತ್ತ ಎತ್ತ ನೋಡಿದರೂ ಕಲ್ಲುಗುಂಡಿನ ಗುಡ್ಡಗಳು. ಕರಡಿಗಳಿಗೆ ಅವೇ ಮನೆ, ಕೊಳವೆಬಾವಿ ನೀರಿಗೆ ಅವೇ ಕಂಟಕ. ಗ್ರಾನೈಟ್ ಶಿಲೆಯ ಫ್ಲೋರೈಡ್ ಆಳದ ನೀರಿಗೆ ಇಳಿದು ಕೊಡದವರೆಗೂ ಬರುತ್ತದೆ. ಕೂಡ್ಲಿಗಿ ಸೀಮೆಗೆ ಇದು ಹಳೆಯ ದೂರು. ಎಷ್ಟರವರೆಗೆ ಇರಬಹುದು ಎಂದು ಕೇಳಿದರೆ, ಓದಿಕೊಂಡ ಹುಡುಗ ಥಟ್ಟನೆ ‘1.5’ ಎನ್ನುತ್ತಾನೆ. ಭಾರತೀಯ ಮಾನಕದಲ್ಲಿ 1 ಮಿಲಿಗ್ರಾಂ ಒಪ್ಪುವಂಥದ್ದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸರಿ. ಹುಡುಗ ಹೇಳಿದ ಅಂಕಿಯಲ್ಲಿ ತಪ್ಪಿಲ್ಲ. ಆದರೆ 1.5 ಏನು?

ಅದೇ ನೀರನ್ನು 15 ಲೀಟರಿನ ಕೊಡಕ್ಕೆ ತುಂಬಿದರೆ ಎಂದು ಕೇಳಿ ನೋಡಿ. ಗುಣಿಸಿ 22.5 ಎಂದು ಬರೆದು, ‘ಮಿತಿ ಮೀರಿತು ಸಾರ್’ ಎಂದು ಗಾಬರಿಯಾಗುತ್ತಾನೆ. ಗುಣಾಕಾರ ಸರಿಯಾಗೇ ಇದೆ, ಕೊಡದಲ್ಲಿ ಅಷ್ಟು ಮಿಲಿಗ್ರಾಂ ಇರುವುದೂ ನಿಜ. ಮಿತಿಯನ್ನು ಹೇಳಿರುವುದು ಲೀಟರಿಗೆ, ಕೊಡಕ್ಕಲ್ಲ. ಸಾರು ಲೋಟದಲ್ಲಿದ್ದರೂ ಹಂಡೆಯಲ್ಲಿದ್ದರೂ ಉಪ್ಪಿನ ರುಚಿ ಅಷ್ಟೇ ತಾನೆ? ಹೆಚ್ಚಾಗುವುದು ಕುಡಿದವರ ಲೆಕ್ಕ: ಶೇಂಗಾ ಹೊಲದಲ್ಲಿ ಬಿಸಿಲಿಗೆ ದಿನಕ್ಕೆ 4 ಲೀಟರ್ ಕುಡಿದವರ ಹೊಟ್ಟೆಗೆ 6 ಮಿಲಿಗ್ರಾಂ ಹೋಗುತ್ತದೆ. ಕುದಿಸಿ ಕುಡಿದರಾಯಿತು ಎನ್ನುವವರೂ ಇದ್ದಾರೆ. ಕುದ್ದು ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲ. ಒಂದು ಲೀಟರ್ ಅರ್ಧಕ್ಕಿಳಿದರೆ 1.5 ಇದ್ದದ್ದು ಲೀಟರಿಗೆ 3 ಆಗಿ ಕೂತಿರುತ್ತದೆ.

ಹೀಗೆ ಎಡವುವುದು ಮಕ್ಕಳಷ್ಟೇ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ. ಯಾಕೆ ಹಾಗೆಂದನೋ, ಊಹಿಸಬಹುದು: ಐದು ಶೇಂಗಾ ಇವೆ, ಹಂಚಿಕೊಳ್ಳಲು ಯಾರೂ ಇಲ್ಲ, ಐದೂ ಅಲ್ಲೇ ಇರುತ್ತವೆ. ಶೇಂಗಾ ಮಟ್ಟಿಗೆ ಅದು ನಿಜ. ಭಾಗಾಕಾರ ಕೇಳುವುದು ತಟ್ಟೆಯಲ್ಲಿ ಉಳಿದದ್ದನ್ನಲ್ಲ, ತಲೆಗೆಷ್ಟು ಬಂತು ಎಂಬುದನ್ನು. ತಲೆಯೇ ಇಲ್ಲದ ಮೇಲೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ಅದನ್ನು ಅನಂತ ಎಂದ. ಇಂದಿನ ಗಣಿತ ಅದನ್ನೂ ಒಪ್ಪುವುದಿಲ್ಲ.

ರಸಾಯನಶಾಸ್ತ್ರದ ಮೋಲ್ ಲೆಕ್ಕದಲ್ಲೂ ಇದೇ ಪಾಡು. 18 ಗ್ರಾಂ ನೀರು ಒಂದು ಮೋಲ್ ಎಂದು ಬಾಯಿಪಾಠವಾಗಿರುತ್ತದೆ. ಅದು ಎಷ್ಟಾಯಿತು, ಒಂದು ಗುಟುಕೇ ಒಂದು ಕೊಡವೇ ಎಂದರೆ ತರಗತಿಗೆ ತರಗತಿಯೇ ಮೌನ. (ಒಂದು ದೊಡ್ಡ ಗುಟುಕು.)

ಉತ್ತರಪತ್ರಿಕೆ ನನ್ನ ಕೈಗೆ ಬಂದರೆ, ಬರೀ 1.5 ಎಂದು ಬರೆದವನಿಗೆ ಅಂಕ ಕೊಡುವುದಿಲ್ಲ. ಶೇಂಗಾ ಎಣಿಸಿ ಐದು ಎಂದು ಬರೆದವನಿಗೆ ಅರ್ಧ ಅಂಕ ಉಂಟು.