ಬೆಂಚಿನಲ್ಲಿ ಜಾಗವಿತ್ತು

ಮಾನ್ಯ ಆರೋಗ್ಯ ಸಚಿವರಿಗೆ,



ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಣ್ಣುಮಗಳು ಒಂದು ವರ್ಷದಿಂದ ನೆಟ್ಟಗೆ ನಿದ್ದೆ ಮಾಡಿಲ್ಲ. "ಎದೆ ಮೇಲೆ ಕಲ್ಲು ಇಟ್ಟಂಗಾಗ್ತದಕ್ಕಾ, ಪೊರಕೆ ಹಿಡಿದ್ರೆ ಕೈ ನಡುಗ್ತದೆ" ಅನ್ನುತ್ತಾರೆ. ಮಗ ತೀರಿಕೊಂಡ ಮೇಲೆ ಶುರುವಾದದ್ದು. ಹತ್ತಿರದ ಕ್ಲಿನಿಕ್ಕೊಂದಕ್ಕೆ ಸಮವಸ್ತ್ರದಲ್ಲೇ ಹೋದರು. ಹೊರಗೆ ನಿಲ್ಲು ಅಂದರು. ಬೆಂಚಿನಲ್ಲಿ ಜಾಗವಿತ್ತು. ಬಾಗಿಲಲ್ಲೇ ಎರಡು ಮಾತು ಕೇಳಿ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಮಗನ ವಿಷಯ ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಇವರೂ ಹೇಳಲಿಲ್ಲ. ಮತ್ತೆ ಅತ್ತ ಹೋಗಿಲ್ಲ.

ನನ್ನ ಮಗಳು ಪಿಯುಸಿಯಲ್ಲಿ ಹೀಗೇ ಕಂಗೆಟ್ಟಿದ್ದಳು. ಬಸವೇಶ್ವರನಗರದ ಆಪ್ತಸಮಾಲೋಚಕಿಗೆ ಫೋನ್ ಮಾಡಿದೆ, ಸಂಜೆ ಆರಕ್ಕೆ ಬನ್ನಿ ಅಂದರು, ಕೂರಿಸಿ ಒಂದು ಗಂಟೆ ಮಾತಾಡಿಸಿದರು. ಎರಡೂ ನಡೆದದ್ದು ಇದೇ ಬಡಾವಣೆಗಳ ನಡುವೆ, ಸಚಿವರೇ.

ಆ ಹೆಣ್ಣುಮಗಳಿಗೆ, ನಿಮ್ಹಾನ್ಸ್‌ಗೆ ನಾನೇ ಕರೆದೊಯ್ಯುತ್ತೇನೆ ಅಂದೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಬೇಡ. ಆದರೆ ಬೆಳಗ್ಗೆ ಆರೂವರೆಗೆ ಅವರ ಹಾಜರಿ. ತಪ್ಪಿದರೆ ಮೇಸ್ತ್ರಿಗೆ ಉತ್ತರ ಹೇಳಬೇಕು, "ಹುಚ್ಚಾಸ್ಪತ್ರೆಗೆ ಹೋಗಿದ್ದೆ" ಅಂದರೆ ಕೆಲಸವೇ ಹೋದೀತೆಂಬ ಭಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಕೊಟ್ಟೆ. ಒಂದೇ ಕೋಣೆಯ ಮನೆಯಲ್ಲಿ ಅತ್ತೆಯ ಎದುರು ಫೋನಿನಲ್ಲಿ ಏನಂತ ಹೇಳುವುದು? ಅವರ ಮನೆಮಾತು ತೆಲುಗು. ಮಗನ ಮಾತು ಬಂದರೆ ಕನ್ನಡ ಅರ್ಧಕ್ಕೇ ನಿಂತು ತೆಲುಗಿಗೆ ಹೊರಳುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಜಾತಿ, ವರ್ಗ, ಧರ್ಮದ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ಭೇದ ನಡೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಎಣಿಸಬೇಕು. ಇಂಗ್ಲೆಂಡಿನಲ್ಲಿ ಕಾಯ್ದೆಯ ಬಲದಿಂದ ಮನೋರೋಗ ಆಸ್ಪತ್ರೆಗೆ ಸೇರಿಸಲ್ಪಡುವ ಕಪ್ಪು ಜನರ ಪ್ರಮಾಣ ಬಿಳಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು. ಅದು ನಾಚಿಕೆಯ ಅಂಕಿ. ಆದರೂ ಅಲ್ಲಿನ ಸರ್ಕಾರ ಅದನ್ನು ವರ್ಷವರ್ಷವೂ ಪ್ರಕಟಿಸುತ್ತದೆ, ಅದಕ್ಕೇ ಅಲ್ಲಿನ ಜನ ಅದನ್ನು ಹಿಡಿದು ಜಗಳವಾಡಬಲ್ಲರು. ನಮ್ಮಲ್ಲಿ ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಮನೋರೋಗವಿರುವವರಲ್ಲಿ ಕಾಯಿಲೆಗೆ ಅನುಗುಣವಾಗಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದು ಕಂಡುಬಂತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಚಿಕಿತ್ಸೆ ಸಿಗದವರು ಯಾವ ಕೇರಿಯವರು, ಯಾವ ಜಾತಿಯವರು? ನಮ್ಮ ರಾಜ್ಯದ ಮಟ್ಟಿಗಾದರೂ ಎಣಿಸಿ, ವಾರ್ಡುವಾರು ಪ್ರಕಟಿಸಿ.

ಮನೋರೋಗದ ಚಿಕಿತ್ಸೆಯನ್ನು ಜನರಿದ್ದಲ್ಲಿಗೆ ಒಯ್ಯುವುದು ನಮಗೆ ಹೊಸದಲ್ಲ. 1980ರ ದಶಕದಲ್ಲಿ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಗಳಲ್ಲಿ ಚಿಕಿತ್ಸೆ ಶುರುಮಾಡಲಾಯಿತು. ಮುಂದೆ ದೇಶವೇ ಅದನ್ನು ಮಾದರಿಯಾಗಿ ತೆಗೆದುಕೊಂಡಿತು. ಬಳ್ಳಾರಿಯ ಹಳ್ಳಿಗೆ ಆದದ್ದು ರಾಜಾಜಿನಗರ, ಕೆಂಗೇರಿಯ ಕಾರ್ಮಿಕರ ಕೇರಿಗಳಿಗೆ ಯಾಕಾಗಬಾರದು? ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ವಾರಕ್ಕೊಮ್ಮೆ, ಗುಡಿಸುವ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ, ತೆಲುಗು ತಮಿಳು ಬಲ್ಲ ಆಪ್ತಸಮಾಲೋಚಕಿ ಕೂರಲಿ. ಆ ಕೇರಿಗಳ ಓದಿದ ಹೆಣ್ಣುಮಕ್ಕಳಿಗೇ ಆ ಕೆಲಸಕ್ಕೆ ತರಬೇತಿ ಕೊಡಿ. ಚಿಕಿತ್ಸೆಗೆ ಹೋದ ದಿನಕ್ಕೆ ಹಾಜರಿ ಕೊಡಿಸಿ.

ಯಾವುದಾದರೂ ಒಂದು ಬೆಳಗ್ಗೆ ಆರೂವರೆಗೆ ನಮ್ಮ ಬೀದಿಗೆ ಬನ್ನಿ. ಕೂತು ಕೇಳುವುದಾದರೆ ಮಾತಾಡುತ್ತೇನೆ ಅಂದಿದ್ದಾರೆ ಅವರು.

ಇಂತಿ,
ವಿಜಯನಗರದ ಒಬ್ಬ ತಾಯಿ