ಸಿಪ್ಪೆಯ ಇದ್ದಿಲು ಯಾರ ಸೊತ್ತು?

ದೇವಸಮುದ್ರದ ಶೇಂಗಾದ ಬಳ್ಳಿ ದನದ ಮೇವು, ಬೀಜ ಎಣ್ಣೆ ಮಿಲ್ಲಿಗೆ, ಉಳಿಯುವುದು ಸಿಪ್ಪೆ. ಅದನ್ನು ಬಯಲಲ್ಲಿ ಸುಟ್ಟರೆ ಇಂಗಾಲವೆಲ್ಲ ಅನಿಲವಾಗಿ ಆಕಾಶ ಸೇರುತ್ತದೆ. ಗಾಳಿ ತಡೆದ ಗೂಡಿನಲ್ಲಿ ಸುಟ್ಟರೆ ಸುಮಾರು ಅರ್ಧ ಇಂಗಾಲ ಇದ್ದಿಲಾಗಿ ಉಳಿದು, ಮಣ್ಣಿನಲ್ಲಿ ನೂರಾರು ವರ್ಷ ನಿಲ್ಲುತ್ತದೆ.

ಇದಕ್ಕೀಗ ಪೇಟೆಯೂ ಇದೆ. ಇದ್ದಿಲು ಹಿಡಿದಿಟ್ಟ 1 ಲಕ್ಷ ಟನ್ ಅನಿಲದ ಲೆಕ್ಕವನ್ನು 2030ರೊಳಗೆ ಭಾರತದ ವರಾಹ ಕಂಪನಿಯಿಂದ ಕೊಳ್ಳಲು ಗೂಗಲ್ 2025ರಲ್ಲಿ ಒಪ್ಪಿತು.

ನಾಳೆ ಚಳ್ಳಕೆರೆಯ ಮಿಲ್ಲುಗಳ ಸಿಪ್ಪೆಗೂ ದಲ್ಲಾಳಿ ಬಂದಾನು. ಸಿಪ್ಪೆಗೆ ಬಿಡಿಗಾಸು, ಇಂಗಾಲದ ಹಣವೆಲ್ಲ ಬಂಡವಾಳಗಾರನಿಗೆ ಎಂಬುದನ್ನು ನಾವು ಒಪ್ಪಕೂಡದು. ರೈತರು, ಮಿಲ್ ಕಾರ್ಮಿಕರು, ಸಣ್ಣ ವರ್ತಕರು ಕೂಡಿ ಸಹಕಾರಿ ಸಂಘ ಕಟ್ಟಲಿ; ಗೂಡು ಸಂಘದ್ದಾಗಲಿ. ಬೆಳೆದವನಿಗೂ, ಧೂಳು ಕುಡಿದು ದುಡಿದವನಿಗೂ ಪಾಲು ಸಲ್ಲಲಿ. ಇದ್ದಿಲು ನಮ್ಮ ಹೊಲಕ್ಕೇ ಹಿಂದಿರುಗಲಿ!